ಬಚ್ಚಲ ನೀರಿನ ಬೆನ್ನು ಹತ್ತಿ

ಮುನಿಸಿಪಾಲಿಟಿಯ ಜವಾನ ಬಂದು, "ಎಂಜಿನಿಯರರು ನಿಮ್ಮನ್ನು ಬರಹೇಳಿದ್ದಾರೆ" ಎಂದಾಗ ನಾನು ಹೆರಿಗೆ ಕೇಂದ್ರದ ಜಗಲಿಯಲ್ಲಿ ಒಂದು ಕೂಸಿನ ಕಿವಿ ಶುಚಿ ಮಾಡುತ್ತಿದ್ದೆ. ಅವನು ವಿಳಾಸ ತಪ್ಪಿ ಬಂದಿರಬೇಕು ಎಂದುಕೊಂಡೆ. ಬಾಣಂತಿಯರ ಮನೆಗಳಿಗೆ ಹೋಗಿ ತಾಯಿ ಮಗುವನ್ನು ನೋಡಿಕೊಂಡು ಬರುವುದು ನನ್ನ ಕೆಲಸ. ರಸ್ತೆ, ಸಂಕ, ಚರಂಡಿ ಕಟ್ಟಿಸುವವರಿಗೆ ನನ್ನಿಂದ ಎಂತ ಆಗಬೇಕು?

ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲಿನ ಮಾತು ಇದು. ಎಂಜಿನಿಯರರು ತಮಿಳು ಸೀಮೆಯಿಂದ ವರ್ಗವಾಗಿ ಬಂದವರು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು, ತುಳು ಕೇಳಿದರೆ ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ಅವರ ಮೇಜಿನ ತುಂಬ ಮಂಗಳೂರಿನ ನಕ್ಷೆ ಹಾಸಿತ್ತು. ಗಾಳಿಗೆ ಹಾರದಂತೆ ನಾಲ್ಕು ಮೂಲೆಗಳಲ್ಲಿ ಇಲ್ಲಿಯ ಕೆಂಪು ಮುರಕಲ್ಲಿನ ತುಂಡುಗಳನ್ನು ಇಟ್ಟಿದ್ದರು.

"ಈ ಊರಿನ ಚರಂಡಿಗಳನ್ನು ನೀವು ದಿನಾ ದಾಟಿ ಹೋಗುವವರು. ಹೇಗಿವೆ ಹೇಳಿ" ಎಂದರು.

ಹೇಳಲು ಎಂತ ಉಂಟು? ನಮ್ಮ ಅಜ್ಜಂದಿರ ಕಾಲದಲ್ಲಿ ಮುರಕಲ್ಲಿನಲ್ಲಿ ಕಟ್ಟಿದ ಚರಂಡಿಗಳು. ಕೆಲವು ಕಡೆ ಮೇಲೆ ಚಪ್ಪಡಿ ಹಾಸಿತ್ತು, ಹೆಚ್ಚಿನ ಕಡೆ ಅದು ಒಡೆದು ಒಳಗೇ ಬಿದ್ದಿತ್ತು. ಗೋಡೆಯ ಸಂದುಗಳಲ್ಲಿ ಅಶ್ವತ್ಥದ ಬೇರು. ಮಳೆಗಾಲದಲ್ಲಿ ಗುಡ್ಡದಿಂದ ಇಳಿದ ನೀರು ಅವುಗಳಲ್ಲಿ ಹಿಡಿಸದೆ ರಸ್ತೆಗೆ ಬರುತ್ತಿತ್ತು. ಬೇಸಗೆಯಲ್ಲಿ ಬಂದರಿನ ಹಿಂದಿನ ಓಣಿಗಳಲ್ಲಿ ಅವೇ ಚರಂಡಿಗಳು ಕಪ್ಪು ಹೊಂಡಗಳಾಗಿ ನಿಂತಿರುತ್ತಿದ್ದವು. ಆ ಓಣಿಗಳ ಕೂಸುಗಳು ವಾಂತಿ ಭೇದಿಯಿಂದ ಸೊರಗುವುದನ್ನು ನಾನು ಪ್ರತಿ ವರ್ಷ ನೋಡುತ್ತಿದ್ದೆ. ಅದನ್ನೇ ಹೇಳಿದೆ.

ಅವರು ತಲೆಯಾಡಿಸಿದರು. ಈ ಸಲ ತೇಪೆ ಹಾಕುವ ಕೆಲಸ ಅಲ್ಲವಂತೆ. ಮುಂದಿನ ಮೂವತ್ತು ವರ್ಷಕ್ಕೆ ಸಾಕಾಗುವಂಥ ಯೋಜನೆಯನ್ನು ಮಾಡಿ ಕಳಿಸಬೇಕೆಂದು ಮದರಾಸಿನಿಂದ ಆಜ್ಞೆ ಬಂದಿತ್ತು. ಕೊಳಚೆ ನೀರು ನೆಲದಡಿಯ ಪೈಪಿನಲ್ಲಿ, ಮಳೆ ನೀರು ಮೇಲಿನ ಚರಂಡಿಯಲ್ಲಿ. ಊರಿನ ಏರುತಗ್ಗುಗಳ ಅಳತೆ ಮುಗಿದಿತ್ತು. ಮನೆಗಳ ಎಣಿಕೆಯೂ ಇತ್ತು. ಆದರೆ ಒಂದೊಂದು ಮನೆ ದಿನಕ್ಕೆ ಎಷ್ಟು ನೀರನ್ನು ಹೊರಗೆ ಬಿಡುತ್ತದೆ ಎಂಬುದು ಗೊತ್ತಿರಲಿಲ್ಲ. ಅದು ಗೊತ್ತಿಲ್ಲದೆ ಪೈಪು ಎಷ್ಟು ದಪ್ಪ ಇರಬೇಕೆಂದು ಹೇಳುವಂತಿಲ್ಲ.

"ಪುಸ್ತಕದಲ್ಲಿ ಒಂದು ಲೆಕ್ಕ ಉಂಟು. ಆದರೆ ಅದು ನಲ್ಲಿ ಇರುವ ಊರಿನ ಲೆಕ್ಕ. ಇಲ್ಲಿ ಎಲ್ಲರೂ ಬಾವಿಯಿಂದ ಸೇದುತ್ತಾರೆ. ಓವರ್ಸಿಯರನ್ನು ಮನೆ ಮನೆಗೆ ಕಳಿಸಿದೆ. ಹೆಂಗಸರು ಬಾಗಿಲ ಹಿಂದಿನಿಂದ ಉತ್ತರ ಕೊಟ್ಟರಂತೆ."

ಪಕ್ಕದಲ್ಲಿ ನಿಂತಿದ್ದ ಓವರ್ಸಿಯರ್ ಮುಖ ಸಣ್ಣ ಮಾಡಿಕೊಂಡು, "ದಿನಕ್ಕೆ ಎಷ್ಟು ನೀರು ಬೇಕು ಅಂತ ಕೇಳಿದ್ರೆ ಎಲ್ಲಾ ಕಡೆ ಒಂದೇ ಮಾತು ಸಾರ್, 'ಬೇಕಾದಷ್ಟು' ಅಂತ" ಎಂದ.

ನನಗೆ ನಗು ತಡೆಯಲಾಗಲಿಲ್ಲ. ಎಂಜಿನಿಯರರೂ ನಕ್ಕರು. ಹೀಗೆ ನಾನು ಹೆಲ್ತ್ ಆಫೀಸರರ ಒಪ್ಪಿಗೆಯಿಂದ ಮಧ್ಯಾಹ್ನದವರೆಗೆ ಬಾಣಂತಿಯರ ಕೆಲಸ, ಆಮೇಲೆ ಬಚ್ಚಲ ನೀರಿನ ಕೆಲಸ ಎಂದು ಒಪ್ಪಿಕೊಂಡು ಬಂದೆ.

ಸುಲಭ ಎಂದುಕೊಂಡಿದ್ದೆ. ಎಡವಟ್ಟಾದದ್ದು ಮೊದಲ ವಾರದಲ್ಲೇ. ದೊಡ್ಡ ಮನೆಯವರು, "ನಮ್ಮಲ್ಲಿ ಹಂಡೆಗಟ್ಟಲೆ ನೀರು ಮಾರಾಯ್ತಿ, ಎರಡು ಹೊತ್ತು ಸ್ನಾನ" ಎಂದು ಹೆಚ್ಚಿಸಿ ಹೇಳುತ್ತಿದ್ದರು. ಬಡವರು, ಬೇರೆಯವರ ಬಾವಿಯಿಂದ ತರುವವರು, "ಎರಡು ಕೊಡಪಾನ ಸಾಕು ನಮಗೆ" ಎಂದು ಕಡಿಮೆ ಮಾಡುತ್ತಿದ್ದರು. ಪಕ್ಕದಲ್ಲೇ ನಾಲ್ಕು ಕೊಡಪಾನ ಕವುಚಿ ಇಟ್ಟಿರುವುದು ಕಾಣುತ್ತಿತ್ತು. ಕೇಳಿದ್ದನ್ನು ಕೂಡಿಸಿದರೆ ಯಾವುದಕ್ಕೂ ಹೊಂದುತ್ತಿರಲಿಲ್ಲ.

ಅಷ್ಟರಲ್ಲಿ ಒಂದು ಸುದ್ದಿ ಹಬ್ಬಿತು. ಮುನಿಸಿಪಾಲಿಟಿಯವರು ಬಾವಿ ನೀರಿಗೆ ತೆರಿಗೆ ಹಾಕುತ್ತಾರಂತೆ, ಅದಕ್ಕೇ ನರ್ಸಮ್ಮ ಲೆಕ್ಕ ಕೇಳುತ್ತಾ ಬರುತ್ತಾಳಂತೆ. ಯಾರು ಹಬ್ಬಿಸಿದರೋ ಗೊತ್ತಿಲ್ಲ. ಅತ್ತಾವರದ ಇಳಿಜಾರಿನ ಓಣಿಗಳಲ್ಲಿ ನಾನು ಬರುವುದು ಕಂಡರೆ ಸಾಕು, ಬಾಗಿಲು ಎಳೆದುಕೊಳ್ಳುತ್ತಿದ್ದರು. ಅದನ್ನಾದರೂ ಸಹಿಸಬಹುದಿತ್ತು. ಒಂದು ಮನೆಯಲ್ಲಿ ಹದಿನೈದು ದಿನದ ಕೂಸಿಗೆ ಜ್ವರ ಎಂದು ತಿಳಿದು ಓಡಿದರೆ, ಒಳಗಿಂದ ಅತ್ತೆ, "ನಮ್ಮಲ್ಲಿ ಎಲ್ಲ ಕ್ಷೇಮ, ನೀವು ಹೋಗಿ" ಎಂದಳು. ಕೂಸು ಅಳುವುದು ಕೇಳುತ್ತಿತ್ತು. ಅಂಗಳದಲ್ಲಿ ನಿಂತು ಎಷ್ಟು ಹೇಳಿದರೂ ಬಾಗಿಲು ತೆರೆಯಲಿಲ್ಲ. ಕೊನೆಗೆ ಅವರ ಮನೆಯ ಗಂಡಸನ್ನು ಅಂಗಡಿಯಲ್ಲಿ ಹುಡುಕಿ, ಬೇಡಿ, ಕೂಸನ್ನು ಕೇಂದ್ರಕ್ಕೆ ತರಿಸಿಕೊಂಡೆ. ಅದು ಬದುಕಿತು. ಆದರೆ ಆ ಸಂಜೆ ನಾನು ಸೀದಾ ಎಂಜಿನಿಯರರ ಕಚೇರಿಗೆ ಹೋದೆ.

"ಸಾರ್, ಇದು ನನ್ನಿಂದ ಆಗುವುದಿಲ್ಲ. ನಿಮ್ಮ ಪೈಪಿಗಾಗಿ ನನ್ನ ಮಕ್ಕಳನ್ನು ಕಳೆದುಕೊಳ್ಳಲು ನಾನು ತಯಾರಿಲ್ಲ."

ಅವರು ಪೆನ್ಸಿಲ್ ಕೆಳಗಿಟ್ಟರು. "ತೆರಿಗೆ ಇಲ್ಲವೆಂದು ನಾನು ಡಂಗುರ ಹೊಡೆಸಲೇ?"

"ಡಂಗುರ ಹೊಡೆಸಿದರೆ ತೆರಿಗೆ ಉಂಟು ಅಂತ ಗಟ್ಟಿಯಾಗ್ತದೆ."

ಅವರು, "ಹಾಗಾದರೆ ಬಿಡಿ. ಪುಸ್ತಕದ ಲೆಕ್ಕವನ್ನೇ ಹಿಡಿಯುವಾ" ಎಂದರು. ಬೇಸರದಿಂದ ಹೇಳಿದ್ದಲ್ಲ, ನನ್ನ ಮಾತು ಸರಿಯೆಂದು ಒಪ್ಪಿ ಹೇಳಿದ್ದು. ಅದೇ ನಾನು ಕೆಲಸ ಬಿಡದಂತೆ ತಡೆಯಿತು. ಹೊರಗೆ ಬಂದವಳು ಮನೆಗೆ ಹೋಗದೆ ಅತ್ತಾವರದ ಕಡೆ ತಿರುಗಿದೆ.

ಅಲ್ಲಿ ಇಳಿಜಾರಿನ ಬುಡದಲ್ಲಿ, ಸಣ್ಣ ಹಳ್ಳದಂಥ ತೋಡಿನ ಪಕ್ಕ, ದೇವಸ್ಥಾನದ ಪೂಜೆಯವರ ಒಂದು ಮನೆ ಇತ್ತು. ಆ ಮನೆಯ ಯಜಮಾನಿಗೆ ಅರುವತ್ತು ದಾಟಿರಬಹುದು. ಓಣಿಯಲ್ಲಿ ಯಾರಿಗೆ ಎಂತ ಆಗಬೇಕಿದ್ದರೂ ಅವರನ್ನು ಒಂದು ಮಾತು ಕೇಳುವ ಕ್ರಮ. ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು. ನಾನು ಬೋಳಾರದಲ್ಲಿ ಮೀನು ಹಿಡಿಯಲು ಕಡಲಿಗೆ ಹೋಗುವವರ ಮನೆಯ ಮಗಳು. ಅಂಗಳದ ತುದಿಯಲ್ಲಿ ನಿಂತು ಕರೆದೆ. ದೊಡ್ಡಮ್ಮ ಜಗಲಿಗೆ ಬಂದು ಕಂಬಕ್ಕೆ ಒರಗಿ ಕೂತರು.

"ಎಂತ, ನಾವು ಮುಖ ತೊಳೆದ ನೀರಿಗೂ ಸರ್ಕಾರಕ್ಕೆ ಲೆಕ್ಕ ಬೇಕಂತೆ?" ತುಳುವಿನಲ್ಲಿ ಕೇಳಿದರು.

"ಬೇಕು ದೊಡ್ಡಮ್ಮ. ತೆರಿಗೆಗಲ್ಲ, ಚರಂಡಿಗೆ."

"ತೆರಿಗೆಗಲ್ಲ ಅಂತ ನಿನಗೆ ಗೊತ್ತುಂಟಾ? ಅಲ್ಲ, ಅವರು ಹೇಳಿದ್ದನ್ನು ಹೇಳ್ತೀಯಾ?"

"ಅವರು ಹೇಳಿದ್ದು. ನಾನು ನಂಬಿದ್ದೇನೆ."

"ನಂಬಿದ್ದು ಸುಳ್ಳಾದ್ರೆ?"

"ಮತ್ತೆ ಈ ಓಣಿಗೆ ಕಾಲಿಡುವುದಿಲ್ಲ."

"ನೀನು ಕಾಲಿಡದಿದ್ರೆ ನಷ್ಟ ಯಾರಿಗೆ? ಬಸುರಿ ಹೆಂಗಸರಿಗೆ." ಅವರು ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡರು. "ಬಾಯಿ ಮಾತಿನ ಲೆಕ್ಕ ಸುಳ್ಳೇ. ನಾಳೆ ಬೆಳಿಗ್ಗೆ ಬಂದು ಆ ಒಗೆಯುವ ಕಲ್ಲಿನ ಹತ್ತಿರ ಕೂತ್ಕೊ. ಬಾವಿ ಮುಟ್ಟಬೇಡ. ಕಣ್ಣಿಗೆ ಕಂಡದ್ದನ್ನು ಬರ್ಕೊ."

ಬಾವಿ ಮುಟ್ಟಬೇಡ ಎಂಬುದು ಆ ಕಾಲದ ಜಾತಿಯ ಮಾತು. ನಾನು ಅದನ್ನು ಅಷ್ಟಕ್ಕೇ ಬಿಟ್ಟೆ.

ಮರುದಿನ ಹೋಗಿ ಕೂತೆ. ರಾಟೆ ಕಿರುಗುಡಲು ಶುರುವಾದದ್ದು ಬೆಳಕು ಹರಿಯುವ ಮೊದಲೇ. ಮಡಿಯ ನೀರು, ದೇವರ ನೀರು, ಅಡಿಗೆಯ ನೀರು, ಬಚ್ಚಲ ಹಂಡೆಗೆ ನೀರು. ಒಂದೊಂದು ಕೊಡಪಾನಕ್ಕೂ ಒಂದೊಂದು ಗೀಟು ಹಾಕುತ್ತಾ ಹೋದೆ. ಪುಸ್ತಕದ ಲೆಕ್ಕಕ್ಕಿಂತ ತುಂಬಾ ಕಡಿಮೆಯೇನೂ ಆಗಲಿಲ್ಲ. ನೋಡಬೇಕಾದ್ದು ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನು. ಬಚ್ಚಲ ಹಿಂದಿನ ಗೋಡೆಯ ತೂತಿನಿಂದ ಹೊರಟ ನೀರನ್ನು ಹಿಂಬಾಲಿಸಿದೆ. ಒಂದು ಸಣ್ಣ ಕಣಿಯಲ್ಲಿ ಹರಿದು ಅದು ಬಸಳೆ ಚಪ್ಪರದ ಬುಡಕ್ಕೆ ಹೋಗಿ ಇಂಗಿತು. ಅಕ್ಕಿ ತೊಳೆದ ನೀರು ದನದ ಬಾನಿಗೆ. ಪಾತ್ರೆ ತೊಳೆದದ್ದು ಬಾಳೆಗೆ. ಬಟ್ಟೆ ಒಗೆದದ್ದು ತೆಂಗಿನ ಕಟ್ಟೆಗೆ. ಮನೆಯ ಮುಂದಿನ ಮುನಿಸಿಪಾಲಿಟಿ ಚರಂಡಿಯನ್ನು ಇಣುಕಿ ನೋಡಿದೆ. ಒಣಗಿದ ಎಲೆ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ.

"ಚರಂಡಿಗೆ ಬಿಡುವುದಿಲ್ಲವಾ ದೊಡ್ಡಮ್ಮ?"

"ಸೇದಿದ ನೀರನ್ನು ಚರಂಡಿಗೆ ಬಿಡಲಿಕ್ಕೆ ನಮಗೆ ಹುಚ್ಚಾ?"

ನಾನು ಅವರ ಅಂಗಳದಲ್ಲಿ ಕೂತದ್ದನ್ನು ಓಣಿಯೆಲ್ಲ ನೋಡಿತ್ತು. ಬಾಗಿಲುಗಳು ಮೆಲ್ಲನೆ ತೆರೆದುಕೊಂಡವು. ಉರ್ವ, ಕಂಕನಾಡಿ, ಎಲ್ಲಿ ಮನೆಗೆ ಹಿತ್ತಲು ಉಂಟೋ ಅಲ್ಲೆಲ್ಲ ಇದೇ ಕತೆ. ಬಂದರಿನ ಹಿಂದಿನ ಓಣಿಗಳಲ್ಲಿ ಮಾತ್ರ ತದ್ವಿರುದ್ಧ. ಅಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು, ಕಾಫಿ ಹೋಟೆಲುಗಳು, ಮೀನಿನ ಬುಟ್ಟಿ ತೊಳೆಯುವ ಜಾಗಗಳು. ಒಂದು ಬಸಳೆ ಬಳ್ಳಿ ನೆಡಲು ಮಣ್ಣಿಲ್ಲ. ಸೇದಿದ್ದೆಲ್ಲ ಚರಂಡಿಗೇ.

ಇದನ್ನು ಹೇಳಿದಾಗ ಎಂಜಿನಿಯರರು ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಮೇಜಿನ ಮೇಲೆ ನಕ್ಷೆ ಮುಕ್ಕಾಲು ಮುಗಿದಿತ್ತು. ಕೆಂಪು ಶಾಯಿಯಲ್ಲಿ ಪೈಪುಗಳು ಪ್ರತಿ ಗುಡ್ಡದಿಂದ ಇಳಿದು ಬಂದು ಕೂಡಿಕೊಳ್ಳುತ್ತಿದ್ದವು.

"ಪೈಪಿನೊಳಗೆ ನೀರು ಓಡಬೇಕು" ಎಂದು ನನಗೆ ವಿವರಿಸಿದರು. "ಓಡಿದರೆ ಕೆಸರನ್ನು ಎಳೆದುಕೊಂಡು ಹೋಗುತ್ತದೆ. ತೆವಳಿದರೆ ಕೆಸರು ಅಲ್ಲೇ ಕೂರುತ್ತದೆ. ಮೂವತ್ತು ವರ್ಷದ ನಂತರದ ಜನಕ್ಕೆಂದು ದೊಡ್ಡ ಪೈಪು ಹಾಕಿದರೆ ಇವತ್ತಿನ ನೀರು ಅದರಲ್ಲಿ ತೆವಳುತ್ತದೆ."

ಓವರ್ಸಿಯರ್ ಒಪ್ಪಲಿಲ್ಲ. "ಪೈಪು ಬಂದ ಮೇಲೆ ಎಲ್ಲರೂ ಅದಕ್ಕೇ ಬಿಡ್ತಾರೆ ಸಾರ್. ಯಾರಿಗೆ ಬೇಡ?"

"ಬಿಟ್ಟರೂ ಕೆಸರು ಎಳೆಯಲು ಸಾಕಾಗುತ್ತದೋ ನೋಡುವಾ" ಎಂದರು ಎಂಜಿನಿಯರರು.

ಕಚೇರಿಯ ಹಿಂದಿನ ಅಂಗಳದಲ್ಲಿ ಪರೀಕ್ಷೆಗೆ ವ್ಯವಸ್ಥೆಯಾಯಿತು. ಹೆಂಚಿನ ಕಾರ್ಖಾನೆಯಿಂದ ಸುಟ್ಟ ಮಣ್ಣಿನ ಪೈಪುಗಳನ್ನು ತರಿಸಿ, ಇಟ್ಟಿಗೆಯ ಸಾಲಿನ ಮೇಲೆ ಒಂದಕ್ಕೊಂದು ಜೋಡಿಸಿ, ಸಂದುಗಳನ್ನು ಗಾರೆಯಿಂದ ಮೆತ್ತಿದರು. ಅತ್ತಾವರದ ಓಣಿಗೆ ಎಷ್ಟು ಇಳಿಜಾರೋ ಅಷ್ಟೇ ಇಳಿಜಾರು. ಓವರ್ಸಿಯರ್ ಬಾಲ್ದಿಯಲ್ಲಿ ನೀರು ತಂದು ಮೇಲಿನ ಬಾಯಿಗೆ ಸುರಿದ. ಕೆಳಗಿನ ಬಾಯಿಯಿಂದ ಅದು ಸೊಗಸಾಗಿ ಹೊರಬಂತು. ಅವನ ಮುಖ ಅರಳಿತು.

"ಮನೆಯ ನೀರು ಹೀಗಿರುವುದಿಲ್ಲ" ಎಂದೆ.

"ಮತ್ತೆ ಹೇಗಿರ್ತದೆ?" ಎಂದ.

ಅವನು ಮನೆಯಲ್ಲಿ ಎಂದೂ ಪಾತ್ರೆ ತಿಕ್ಕಿದವನಲ್ಲ. ನಾನು ಹೋಗಿ ಹತ್ತಿರದ ಮನೆಗಳ ಹೆಂಗಸರಿಗೆ ಹೇಳಿ, ಪಾತ್ರೆ ತೊಳೆದ ನೀರನ್ನು ಹಿತ್ತಲಿಗೆ ಚೆಲ್ಲದೆ ಕೊಡಬೇಕೆಂದು ಕೇಳಿಕೊಂಡೆ. ಬೂದಿ, ತೆಂಗಿನ ನಾರು, ಅನ್ನದ ಅಗುಳು, ಮೀನಿನ ಪೊರೆ, ಎಣ್ಣೆಯ ಜಿಡ್ಡು. ದಿನವೂ ಬೆಳಿಗ್ಗೆ ನಾಲ್ಕಾರು ಹೆಂಗಸರು ಬಾಲ್ದಿ ಹಿಡಿದು ಮುನಿಸಿಪಾಲಿಟಿಯ ಅಂಗಳಕ್ಕೆ ಬಂದು, ಸಾಲಾಗಿ ನಿಂತು, ಪೈಪಿಗೆ ಸುರಿದು, ಕೆಳಗಿನ ಬಾಯಿಯ ಹತ್ತಿರ ಹೋಗಿ ಬಗ್ಗಿ ನೋಡುತ್ತಿದ್ದರು. ಗುಮಾಸ್ತರೆಲ್ಲ ಕಿಟಕಿಯಿಂದ ಇಣುಕುತ್ತಿದ್ದರು. ಆ ಅಂಗಳ ಅಷ್ಟು ಕಳೆಯಿಂದ ಇದ್ದದ್ದನ್ನು ನಾನು ಅದಕ್ಕೆ ಮೊದಲೂ ಕಾಣಲಿಲ್ಲ, ಆಮೇಲೂ ಕಾಣಲಿಲ್ಲ.

ಮೊದಮೊದಲು ನೀರು ಬಂತು. ಮತ್ತೆ ಸಣ್ಣಗಾಯಿತು. ಮತ್ತೆ ತೊಟ್ಟಿಕ್ಕಿತು. ಒಂದು ದಿನ ಸುರಿದದ್ದೆಲ್ಲ ಮೇಲಿನ ಬಾಯಿಯಿಂದಲೇ ಉಕ್ಕಿ ಸುರಿದವಳ ಕಾಲಿನ ಮೇಲೆ ಬಿತ್ತು. ಅವಳು ಕಿರುಚಿದಳು, ಉಳಿದವರು ನಕ್ಕರು. ಎಂಜಿನಿಯರರು ಪೈಪನ್ನು ಒಡೆಯಲು ಹೇಳಿದರು. ಒಳಗೆ ಬೂದಿ, ನಾರು, ಜಿಡ್ಡು ಸೇರಿ ಗಾರೆಯ ಹಾಗೆ ಗಟ್ಟಿಯಾಗಿ ಪೈಪನ್ನು ಪೂರ್ತಿ ಮುಚ್ಚಿತ್ತು. ಅವರು ಅಂಗಿಯ ತೋಳು ಮಡಚಿ ಕೈ ಹಾಕಿ ಅದನ್ನು ಎಳೆದು ಹೊರತೆಗೆದು, ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನು ಮದರಾಸಿಗೆ ಪಾರ್ಸೆಲ್ ಮಾಡಬೇಕು" ಎಂದರು. ಓವರ್ಸಿಯರನೂ ನಕ್ಕುಬಿಟ್ಟ.

ಅದಾದ ಮೇಲೆ ಅವರು ಕೆಲವು ದಿನ ನಕ್ಷೆಯ ಮುಂದೆಯೇ ಕೂತಿದ್ದರು. ಒಂದು ಮಧ್ಯಾಹ್ನ ನನ್ನನ್ನೂ ಓವರ್ಸಿಯರನನ್ನೂ ಕರೆದು ಹೊಸ ನಕ್ಷೆ ಬಿಡಿಸಿದರು. ಕೆಂಪು ಶಾಯಿಯ ಗೆರೆಗಳು ಬಂದರಿನ ಓಣಿಗಳಲ್ಲಿ ಮಾತ್ರ ಉಳಿದಿದ್ದವು. ಅಲ್ಲಿ ಈಗಲೇ ಸಣ್ಣ ಪೈಪು. ಪ್ರತಿ ಸಾಲಿನ ತಲೆಯಲ್ಲಿ ಒಂದು ತೊಟ್ಟಿ, ಅದು ತುಂಬಿದಾಗ ನೀರು ತಾನಾಗಿಯೇ ಒಮ್ಮೆಗೆ ನುಗ್ಗಿ ಪೈಪನ್ನು ತೊಳೆಯುವಂತೆ. ಉಳಿದ ಕಡೆ ಹಳೆಯ ಮುರಕಲ್ಲಿನ ಚರಂಡಿಗಳನ್ನು ರಿಪೇರಿ ಮಾಡಿ, ತಳದ ನಡುವೆ ಇನ್ನೊಂದು ಸಪೂರ ಕಾಲುವೆ. ಬೇಸಗೆಯ ಸ್ವಲ್ಪ ನೀರೂ ಅದರಲ್ಲಿ ನಿಲ್ಲದೆ ಓಡಬೇಕು, ಮಳೆಗಾಲದ ನೀರಿಗೆ ಪೂರ್ತಿ ಚರಂಡಿ.

ಗುಡ್ಡಗಳ ನಡುವಿನ ತಗ್ಗುಗಳಲ್ಲಿ, ತೋಡುಗಳ ಬದಿಯಲ್ಲಿ ಮಾತ್ರ ಹಸುರು ಪಟ್ಟಿ ಎಳೆದಿದ್ದರು.

"ಇಲ್ಲಿ ಈಗ ಪೈಪು ಬೇಡ, ಜಾಗ ಬೇಕು" ಎಂದರು. "ಒಂದು ದಿನ ಈ ಊರಿಗೆ ನಲ್ಲಿ ನೀರು ಬಂದೇ ಬರುತ್ತದೆ. ಹಿತ್ತಲುಗಳಲ್ಲಿ ಮನೆಗಳಾಗುತ್ತವೆ. ಆಗ ದೊಡ್ಡ ಪೈಪು ಈ ತಗ್ಗಿನಲ್ಲೇ ಹೋಗಬೇಕು, ಬೇರೆ ಎಲ್ಲೂ ಹೋಗಲಿಕ್ಕಾಗುವುದಿಲ್ಲ. ಅಷ್ಟರೊಳಗೆ ಇಲ್ಲಿ ಗೋಡೆ ಎದ್ದಿದ್ದರೆ ಯಾವ ಎಂಜಿನಿಯರನೂ ಏನೂ ಮಾಡಲಾರ."

ನನಗೆ ಅದು ಸರಿಯೆನಿಸಿತು. ಆದರೆ ಪೂರ್ತಿ ಸಮಾಧಾನ ಆಗಲಿಲ್ಲ. ಅತ್ತಾವರದ ಹಿಂದಿನ ಓಣಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಕಕ್ಕಸಿನ ಡಬ್ಬಿ ತಲೆಯ ಮೇಲೆ ಹೊತ್ತು ಗಾಡಿಯವರೆಗೆ ಹೋಗುವ ಹೆಂಗಸೊಬ್ಬಳು ನನಗೆ ಗುರ್ತ. ಅವಳ ಎರಡು ಹೆರಿಗೆಗೂ ನಾನೇ ಹೋದವಳು. ಪೈಪು ಬರುತ್ತದೆ, ಈ ಹೊರೆ ಇಳಿಯುತ್ತದೆ ಎಂದು ಅವಳಿಗೆ ಹೇಳಿದ್ದೆ. ಈಗ ಬರುವುದಿಲ್ಲ ಎಂದು ಹೇಳಬೇಕಾಯಿತು. ಅವಳು, "ಬರದಿದ್ರೆ ಹೊರ್ತೇನೆ, ಮತ್ತೆಂತ" ಎಂದು ಹೋದಳು. ಎಂಜಿನಿಯರರಿಗೆ ಇದನ್ನು ಹೇಳಿದೆ. ಗಾಡಿ ಒಳಗೆ ಬರುವಷ್ಟು ಹಿಂದಿನ ಓಣಿಗಳನ್ನು ಅಗಲ ಮಾಡಿ ತಲೆಹೊರೆ ನಿಲ್ಲಿಸುವುದನ್ನು ಅವರು ಯೋಜನೆಯ ಮೊದಲ ಹಂತದಲ್ಲೇ ಸೇರಿಸಿದರು. ಸಾಕಾಗಲಿಲ್ಲ ಎಂದು ಈಗಲೂ ಅನ್ನಿಸುತ್ತದೆ. ಆದರೂ ಆ ಓಣಿಯಲ್ಲಿ ಗಾಡಿ ಬಂದ ದಿನ ಅವಳು ನನ್ನನ್ನು ಕರೆದು ತೋರಿಸಿದಳು.

ಹಸುರು ಪಟ್ಟಿ ಯಾರ್‍ಯಾರ ಜಾಗದಲ್ಲಿ ಹೋಗುತ್ತದೆ ಎಂದು ನೋಡುವಾಗ ನನ್ನ ಬೆರಳು ಅತ್ತಾವರದ ಇಳಿಜಾರಿನ ಬುಡದಲ್ಲಿ ನಿಂತಿತು. ದೊಡ್ಡಮ್ಮನ ಮನೆಯ ಹಿಂದಿನ ತುಂಡು ಜಾಗ ಪೂರ್ತಿ ಅದರಲ್ಲಿ ಬಿದ್ದಿತ್ತು. ಕಿರಿಯ ಮಗನಿಗೆ ಅಲ್ಲಿ ಬೇರೆ ಮನೆ ಕಟ್ಟಿಕೊಡಬೇಕೆಂದು ಅವರು ಆಗಲೇ ಕಲ್ಲು ತರಿಸಿ ರಾಶಿ ಹಾಕಿಸಿದ್ದರು. ನೋಟೀಸು ಹೋಗುವ ಮೊದಲು ನಾನೇ ಹೇಳುತ್ತೇನೆ ಎಂದು ಹೋದೆ.

ಅವರು ಬಸಳೆ ಕೊಯ್ಯುತ್ತಿದ್ದರು. ಹೇಳಿದ್ದನ್ನೆಲ್ಲ ಕೇಳಿದರು. ಕೈಯಲ್ಲಿದ್ದ ದಂಟನ್ನು ಬುಟ್ಟಿಗೆ ಹಾಕಿ ನನ್ನನ್ನು ನೋಡಿದರು.

"ನೀನು ತೆರಿಗೆ ಇಲ್ಲ ಅಂದಿ. ಸರಿ, ತೆರಿಗೆ ಇಲ್ಲ. ಜಾಗವೇ ಹೋಯ್ತಲ್ಲ ಮಾರಾಯ್ತಿ!"

"ಪರಿಹಾರ ಕೊಡ್ತಾರೆ ದೊಡ್ಡಮ್ಮ."

"ಪರಿಹಾರದಲ್ಲಿ ನನ್ನ ಮಗ ಮಲಗ್ತಾನಾ? ನಿನ್ನನ್ನು ಅಂಗಳದಲ್ಲಿ ಕೂರಿಸಿದ್ದಕ್ಕೆ ಇದಾ?" ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಸಂಜೆಯ ಹೊತ್ತಿಗೆ ಸುದ್ದಿ ಓಣಿಯೆಲ್ಲ ಹರಡಿತ್ತು. ಈ ಸಲ ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ. ಬಾಗಿಲಲ್ಲೇ ನಿಂತು ಮಾತಾಡದೆ ನೋಡಿದರು. ಅದು ಇನ್ನೂ ಕಷ್ಟ. ನಾನು ಎಂಜಿನಿಯರರ ಮುಂದೆ ನಿಂತು, "ನೀವೇ ಬರಬೇಕು ಸಾರ್. ನಕ್ಷೆಯಲ್ಲಿ ಎಳೆದ ಗೆರೆಯನ್ನು ನೆಲದ ಮೇಲೆ ನಿಂತು ನೋಡಿ" ಎಂದೆ. ನನ್ನ ದನಿ ಸ್ವಲ್ಪ ಏರಿರಬೇಕು. ಅವರು ಟೋಪಿ ಎತ್ತಿಕೊಂಡು ಹೊರಟರು.

ಮಟ್ಟ ನೋಡುವ ಯಂತ್ರವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ ಅವರು ತೋಡಿನ ಬದಿಯಲ್ಲಿ ನಿಂತರು. ದೊಡ್ಡಮ್ಮ ಜಗಲಿಯಲ್ಲಿ ನಿಂತರು. ನಾನು ಅಂಗಳದ ನಡುವೆ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುತ್ತಿತ್ತು. ಆದರೂ ಇಬ್ಬರೂ ನನ್ನ ಮೂಲಕವೇ ಮಾತಾಡಿದರು.

"ತೋಡಿನ ಆಚೆ ದಡಕ್ಕೆ ಹೋಗಲಿಕ್ಕೆ ಅವರಿಗೆ ಎಂತ ಅಡ್ಡಿ ಅಂತ ಕೇಳು."

"ಆಚೆ ದಡ ಎತ್ತರ, ಆಳ ಅಗೆಯಬೇಕು ಎಂದು ಹೇಳಿ."

"ಈಚೆ ದಡದ ಅಂಚಿಗೇ ಹೋಗಲಿ. ಅಲ್ಲಿ ನನಗೆ ಎಂತದೂ ಇಲ್ಲ, ಬರೀ ಕೇದಗೆ ಹಿಂಡು."

ಎಂಜಿನಿಯರರು ಆ ಕಡೆ ನಡೆದರು. ಕೇದಗೆಯ ಮುಳ್ಳಿನಲ್ಲಿ ಪಂಚೆ ಸಿಕ್ಕಿಸಿಕೊಂಡು ಅಂಚಿನವರೆಗೂ ಹೋಗಿ, ಕೋಲಿನಿಂದ ನೆಲ ಕುತ್ತಿ ನೋಡಿದರು. ನೆಲ ಮೆದು. ಅಲ್ಲಿ ಪೈಪು ಹಾಕಿದರೆ ಕೆಳಗೆ ಕಲ್ಲಿನ ಪಾಯ ಬೇಕು, ಒಂದು ತಿರುವು ಬರುತ್ತದೆ, ತಿರುವಿನಲ್ಲಿ ಇಳಿದು ನೋಡಲು ಒಂದು ಗುಂಡಿ ಹೆಚ್ಚಾಗುತ್ತದೆ. ಓವರ್ಸಿಯರ್ ಅವರ ಕಿವಿಯಲ್ಲಿ, "ಒಬ್ಬರಿಗೆ ಒಪ್ಪಿದ್ರೆ ಎಲ್ಲರೂ ಕೇಳ್ತಾರೆ ಸಾರ್" ಎಂದದ್ದು ನನಗೂ ಕೇಳಿಸಿತು.

"ಕೇಳಲಿ" ಎಂದರು ಅವರು. "ಪೈಪು ಹಾಕುವಾಗ ನಾವು ಯಾರೂ ಇಲ್ಲಿರುವುದಿಲ್ಲ. ಈಗ ಮನಸ್ಸು ಮುರಿದು ಜಾಗ ತೆಗೆದುಕೊಂಡರೆ ನಾವು ಹೋದ ಮರುವರ್ಷ ಗೋಡೆ ಏಳುತ್ತದೆ. ಒಪ್ಪಿ ಬಿಟ್ಟ ಜಾಗ ಮಾತ್ರ ಉಳಿಯುತ್ತದೆ."

ದೊಡ್ಡಮ್ಮನಿಗೆ ಕೇಳಿಸಿತ್ತು. ನಾನು ತುಳುವಿಗೆ ತಿರುಗಿಸಬೇಕಾಗಿ ಬರಲಿಲ್ಲ. ಕೇದಗೆಯ ಕಡೆ ನೋಡಿ, "ಅಂಚಿಗೆ ಹೋದ್ರೆ ನನ್ನ ತಕರಾರಿಲ್ಲ ಅಂತ ಹೇಳು. ಮಗನ ಮನೆಯನ್ನು ನಾನೂ ಎರಡು ಕೋಲು ಈಚೆ ತೆಗೀತೇನೆ" ಎಂದರು.

ಓವರ್ಸಿಯರ್ ಹೇಳಿದ ಹಾಗೇ ಆಯಿತು. ಎಲ್ಲರೂ ಕೇಳಿದರು. ಒಬ್ಬರಿಗೆ ಹಲಸಿನ ಮರ, ಒಬ್ಬರಿಗೆ ನಾಗನ ಕಲ್ಲು, ಒಬ್ಬರಿಗೆ ದನದ ಹಟ್ಟಿ. ಮಳೆಗಾಲ ಹಿಡಿಯುವವರೆಗೂ ನಾವು ಮೂವರು ತೋಡಿನ ಉದ್ದಕ್ಕೂ ನಡೆದೆವು. ಕೆಲವು ಕಡೆ ಗೆರೆ ಸರಿಯಿತು, ಕೆಲವು ಕಡೆ ಸರಿಸಲಿಕ್ಕಾಗುವುದಿಲ್ಲವೆಂದು ಎಂಜಿನಿಯರರು ಯಂತ್ರದ ಕಣ್ಣಿನಲ್ಲಿ ಮನೆಯವರಿಗೇ ತೋರಿಸಿದರು. ಅಲ್ಲಿ ನೀರು ಏರಬೇಕಾಗುತ್ತದೆ ಎಂದರೆ ಅವರಿಗೆ ಅರ್ಥವಾಗುತ್ತಿತ್ತು. ಕೊನೆಯ ನಕ್ಷೆ ಬರೆಯುವಾಗ ಡ್ರಾಫ್ಟ್ಸ್‌ಮನ್ ತಲೆ ಚಚ್ಚಿಕೊಂಡ. "ಇದು ಗೆರೆಯಾ ಸಾರ್? ಕೇರೆ ಹಾವು ಹೋದ ಹಾಗೆ ಉಂಟು."

"ಹೋಗಿ ಮುಟ್ಟುತ್ತದಲ್ಲ" ಎಂದರು ಎಂಜಿನಿಯರರು.

ಕೌನ್ಸಿಲ್ ಸಭೆಯಲ್ಲಿ ಒಬ್ಬ ಮೆಂಬರರು ಎದ್ದು, ಪೈಪೇ ಇಲ್ಲದ ಒಳಚರಂಡಿ ಯೋಜನೆಯನ್ನು ತಾವು ಎಲ್ಲೂ ಕೇಳಿಲ್ಲ ಎಂದು ತಮಾಷೆ ಮಾಡಿದರಂತೆ. ಎಂಜಿನಿಯರರು ಬೂದಿ ನಾರಿನ ಆ ಗಟ್ಟಿಯನ್ನು ಕಾಗದದಲ್ಲಿ ಸುತ್ತಿ ತಂದಿದ್ದರು. ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟ ಮೇಲೆ ಹೆಚ್ಚು ಚರ್ಚೆ ಆಗಲಿಲ್ಲ ಎಂದು ಓವರ್ಸಿಯರ್ ನನಗೆ ಬಂದು ಹೇಳಿದ. ಮದರಾಸಿನಿಂದ ಒಪ್ಪಿಗೆ ಬರಲು ಇನ್ನೊಂದು ಮಳೆಗಾಲ ಕಳೆಯಿತು. ಬಂದರಿನ ಓಣಿಗಳಲ್ಲಿ ಅಗೆತ ಶುರುವಾದಾಗ ನಾನು ಪೂರ್ತಿಯಾಗಿ ನನ್ನ ಬಾಣಂತಿಯರ ಕೆಲಸಕ್ಕೆ ಮರಳಿದ್ದೆ. ಆ ಓಣಿಗಳಲ್ಲಿ ತೊಟ್ಟಿ ತುಂಬಿ ನೀರು ಗುಡುಗುಡು ಎಂದು ಪೈಪಿಗೆ ನುಗ್ಗುವ ಸದ್ದಿಗೆ ಮಕ್ಕಳು ಕುಣಿಯುತ್ತಿದ್ದರು. ಮುಂದಿನ ಬೇಸಗೆಯಲ್ಲಿ ಅಲ್ಲಿಂದ ನನ್ನಲ್ಲಿಗೆ ಬಂದ ಸೊರಗಿದ ಕೂಸುಗಳು ಕಡಿಮೆ. ಪೂರಾ ನಿಲ್ಲಲಿಲ್ಲ, ಕಡಿಮೆಯಾಯಿತು. ಅಷ್ಟಕ್ಕೇ ನನಗೆ ಖುಷಿ.

ಎಂಜಿನಿಯರರಿಗೆ ವರ್ಗವಾಯಿತು. ಯುದ್ಧ ಬಂತು. ಕಬ್ಬಿಣವೂ ಸಿಮೆಂಟೂ ಸಿಕ್ಕದೆ ಉಳಿದ ಕೆಲಸವೆಲ್ಲ ನಿಂತಿತು. ತೋಡಿನ ಬದಿಯ ಪಟ್ಟಿಯಲ್ಲಿ ಗಡಿಕಲ್ಲುಗಳು ಮಾತ್ರ ಇದ್ದವು. ಯಾರೂ ಗೋಡೆ ಎಬ್ಬಿಸಲಿಲ್ಲ. ಖಾಲಿ ಜಾಗವಲ್ಲವೇ, ಮೊದಲು ದನಗಳು ನಡೆದವು, ಅವುಗಳ ಹಿಂದೆ ಹೆಂಗಸರು ನಡೆದರು, ಮಾರುಕಟ್ಟೆಗೆ ಹೋಗುವವರು ನಡೆದರು. ಇಳಿಜಾರು ಹತ್ತಿ ಇಳಿದು ಸುತ್ತಿ ಹೋಗಬೇಕಾಗಿದ್ದವರಿಗೆ ಅದು ಸಮತಟ್ಟಾದ ಹತ್ತಿರದ ದಾರಿಯಾಯಿತು. ಆ ದಾರಿ ಬಂದು ಸೇರುವುದು ನಮ್ಮ ಹೆರಿಗೆ ಕೇಂದ್ರದ ಪಕ್ಕಕ್ಕೆ.

ಒಂದು ಆಷಾಢದ ಮಧ್ಯಾಹ್ನ, ಜೋರು ಮಳೆ. ಮೇಲಿನ ರಸ್ತೆಗೆ ಮರ ಬಿದ್ದು ಗಾಡಿಗಳು ಬರುತ್ತಿರಲಿಲ್ಲ. ನಾನು ಜಗಲಿಯಲ್ಲಿ ನಿಂತಿದ್ದಾಗ ತೋಡಿನ ಬದಿಯಿಂದ ನಾಲ್ಕು ಜನ ಒಂದು ಕುರ್ಚಿಯನ್ನು ಬಿದಿರಿಗೆ ಕಟ್ಟಿ ಹೊತ್ತು ತರುವುದು ಕಂಡಿತು. ಪಕ್ಕದಲ್ಲಿ ಕೊಡೆ ಹಿಡಿದು ಓಡೋಡಿ ಬರುತ್ತಿದ್ದವರು ದೊಡ್ಡಮ್ಮ. ಕುರ್ಚಿಯಲ್ಲಿ ಅವರ ಕಿರಿಯ ಸೊಸೆ. ಮಗು ಅಡ್ಡ ತಿರುಗಿತ್ತು. ಇನ್ನು ಸ್ವಲ್ಪ ತಡವಾಗಿದ್ದರೂ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಡಾಕ್ಟರಮ್ಮ ಕೇಂದ್ರದಲ್ಲೇ ಇದ್ದರು. ಕಷ್ಟಪಟ್ಟೆವು. ಸಂಜೆಯ ಹೊತ್ತಿಗೆ ತಾಯಿ ಮಗು ಇಬ್ಬರೂ ಉಳಿದರು.

ಹೊರಗೆ ಬಂದಾಗ ದೊಡ್ಡಮ್ಮ ಬೆಂಚಿನ ಮೇಲೆ ಒದ್ದೆ ಸೀರೆಯಲ್ಲೇ ಕೂತಿದ್ದರು. ಹೇಳಿದೆ. ಅವರು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಆ ಎಂಜಿನಿಯರರು ಈಗ ಎಲ್ಲಿದ್ದಾರೆ?" ಎಂದು ಕೇಳಿದರು.

"ದೂರ, ತಮಿಳು ಸೀಮೆಯಲ್ಲೇ."

"ಒಂದು ಕಾಗದ ಹಾಕು ಅವರಿಗೆ."

"ಎಂತ ಬರೀಲಿ ದೊಡ್ಡಮ್ಮ?"

"ಹೆಣ್ಣು ಮಗು ಅಂತ ಬರಿ." ಮತ್ತೆ ಸೇರಿಸಿದರು: "ಪೈಪು ಹಾಕುವಾಗ ನಮ್ಮ ದಾರಿಯನ್ನು ಮುಚ್ಚಬಾರದು, ಅದನ್ನೂ ಬರಿ."

ಎರಡನ್ನೂ ಬರೆದೆ.